ಮುನ್ನೂರೊಂದು ಕುರಿಯ ವಂಶದವನು

ನಮ್ಮೂರು ಕೊಹಿನೂರಿನ ಅಮೋಘಸಿದ್ದಪ್ಪನ ಮುತ್ತಜ್ಜ ಬೇಸಿಗೆಯಲ್ಲಿ ಮುನ್ನೂರು ಕುರಿಗಳನ್ನು ಮಾಂಜ್ರಾ ನದಿಯ ದಂಡೆಗೆ ಹೊಡೆದುಕೊಂಡು ಹೋಗಿ ಮುನ್ನೂರೊಂದನ್ನು ಮರಳಿ ತಂದವನು. ಆ ಒಂದರ ಬಗ್ಗೆ ಮನೆತನದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅಜ್ಜನೋ, ತೋಳ ಕಚ್ಚಿದ ಮರಿಯ ಹಿಂದೆ ಎರಡು ಹರದಾರಿ ಓಡಿ, ಕಾಲಿನ ಕೆರ ಕಳೆದುಕೊಂಡರೂ ಮರಿಯನ್ನು ಕಳೆದುಕೊಳ್ಳದವನು. ಇಂಥ ವಂಶದ ಕುಡಿ ಕುರಿ ಮಾರಿ ಜನರನ್ನು ಒಯ್ಯುವ ಟೆಂಪೊ ಕೊಂಡಾಗ ನಕ್ಕವರಲ್ಲಿ ನಾನೇ ಮೊದಲಿಗ. ಆದರೆ ಹುಟ್ಟುಗುಣ ಎಲ್ಲಿ ಹೋದೀತು? ಇಂದಿಗೂ ಆತ ಬಾಗಿಲ ಬಳಿ ಕಾಲಗಲಿಸಿ ನಿಂತು, ಏರುವವರ ಬೆನ್ನನ್ನು ಕೋಲಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಾನೆ. ಬೀಗರ ಬೆನ್ನಿಗೂ ರಿಯಾಯಿತಿಯಿಲ್ಲ.

ಅವನ ನೀಲಿ ಕೋಟು ಹುಮನಾಬಾದ ಸಂತೆಯ ಹಳೆಬಟ್ಟೆಯ ರಾಶಿಯಲ್ಲಿ ಸಿಕ್ಕದ್ದು. ಎದೆಯ ಮೇಲೊಂದು ಹಳದಿ ಹಕ್ಕಿ, ಕೆಳಗೆ ಇಂಗ್ಲಿಷ್ ಅಕ್ಷರ. ಶಾಲೆಯ ವಿದ್ಯಾವತಿ ಟೀಚರು ಮೊಬೈಲಿನಲ್ಲಿ ಹುಡುಕಿ ಅದರ ಚರಿತ್ರೆ ಹೇಳಿದರು. ಅದು ಇಂಗ್ಲೆಂಡಿನ ವಿಮಾನ ಕಂಪನಿ. ಒಂದೇ ಹಳೆ ವಿಮಾನದಿಂದ ಶುರುವಾಗಿ, ಚಳಿಗೆ ನಡುಗುವ ಜನರನ್ನು ರಜೆಗೆಂದು ಬಿಸಿಲಿನ ದ್ವೀಪಗಳಿಗೆ ಒಯ್ದು, ಹದಿನೈದು ದಿನಕ್ಕೆ ಮರಳಿ ತರುತ್ತಿತ್ತು. ಮೂವತ್ತು ವಿಮಾನದವರೆಗೆ ಬೆಳೆದು, ಒಂದು ಮುಂಜಾನೆ ದಿವಾಳಿಯೆದ್ದು ಮುಚ್ಚಿತು.

"ಇದು ಕುರಿ ಮೇಸೋ ಕೆಲಸಾನೇ ಅಲ್ಲೇನ್ರಿ ಅಕ್ಕೋರ!" ಎಂದು ಅಮೋಘಸಿದ್ದಪ್ಪ ಉಬ್ಬಿದ. "ಮುಚ್ಚಿದಾಗ ಒಯ್ದ ಮಂದಿ ಹ್ಯಾಂಗ ಬಂದ್ರು?"

"ಬ್ಯಾರೆ ಕಂಪನಿಯವ್ರು ಹೋಗಿ ಕರಕೊಂಡು ಬಂದ್ರಪ್ಪ."

ಅವನ ಮುಖ ಬಾಡಿತು. "ನಮ್ಮ ಹಿಂಡು ಬ್ಯಾರೇದವ್ರು ತಂದ್ರ ಮಾರಿ ಎಲ್ಲಿ ಇಟ್ಕೋಬೇಕ್ರಿ?" ಅಂದಿನಿಂದ, ಆ ಕಳಂಕ ತೊಳೆಯುವುದು ತನ್ನ ಪಾಲಿಗೇ ಬಂದಂತೆ, ಉರಿಬಿಸಿಲಿನಲ್ಲೂ ಕೋಟು ಕಳಚಿಲ್ಲ.

ಹೋದ ತಿಂಗಳು ಹುಮನಾಬಾದಿನಲ್ಲೊಂದು ಮದುವೆ ನಿಶ್ಚಯ ಮುಗಿಸಿ ನಾವು ಹದಿನಾಲ್ಕು ಜನ ಮರಳುವಾಗ, ಬಸವಕಲ್ಯಾಣ ದಾಟಿ ಊರು ಇನ್ನೆರಡು ಮೈಲಿ ಇದೆ ಎನ್ನುವಲ್ಲಿ ಟೆಂಪೊ ಕೆಟ್ಟು ನಿಂತಿತು. ಹಿಂದೆಯೇ ನಮ್ಮೂರ ಜಲಾಲುದ್ದೀನನ ಬಾಡಿಗೆ ಜೀಪು ಖಾಲಿ ಬಂತು. ನಮ್ಮೊಳಗಿನ ಎಪ್ಪತ್ತರ ಸರುಬಾಯಿ ಆಗಲೇ ಅದರೊಳಗೆ ಒಂದು ಕಾಲಿಟ್ಟಿದ್ದಳು. ಅಮೋಘಸಿದ್ದಪ್ಪ ಕೋಲು ಅಡ್ಡ ಹಿಡಿದು ಇಳಿಸಿದ.

"ನಿನ್ನ ಕಂಪನಿ ಇಂಗ್ಲೆಂಡದಾಗ ಸತ್ತದ, ಮೂಳಾ! ಅದರ ಮಣ್ಣಿಗಿ ನಮಗ್ಯಾಕ ನಡಸ್ತಿ?" ಎಂದು ಆಕೆ ಚೀರಿದಳು.

ಅವನು ಟೆಂಪೊಗೆ ಬೀಗ ಜಡಿದು, ನಮ್ಮನ್ನು ರಸ್ತೆಯ ಎಡಬದಿಗೆ ಒತ್ತಿ, ತಾನು ಹಿಂದೆ ನಿಂತು "ಹುರ್ರ್" ಎಂದ. ನಾಚಿಕೆಗೇಡು, ನಾವೂ ನಡೆದೆವು. ಒಯ್ದದ್ದನ್ನು ಒಯ್ದವನೇ ತರಬೇಕೆಂಬ ಇಂಥ ಹಟಮಾರಿಗಳಿಂದಲೇ ಲೋಕ ರಾತ್ರಿಗೆ ಮನೆ ಸೇರುತ್ತದೆ. ನೋಯುವ ಕಾಲು ಮಾತ್ರ ಲೋಕದ್ದು.

ಜೀಪು ನಮ್ಮ ಪಕ್ಕದಲ್ಲೇ ತೆವಳುತ್ತಿತ್ತು. "ಅಣ್ಣಾ, ರೊಕ್ಕ ಬ್ಯಾಡ, ಮುದುಕಿಗಾದ್ರೂ ಹತ್ತಸ್" ಎಂದು ಜಲಾಲುದ್ದೀನ್ ಗೋಗರೆದ, ಹಾರ್ನ್ ಹೊಡೆದ.

"ಒಯ್ದಾಂವ ನಾ, ತರಾಂವನೂ ನಾನೇ. ನೀ ಮುಂದ ನಡಿ, ಭಾಯ್. ಹಾರ್ನ್ ಹೊಡಿಬ್ಯಾಡ, ನನ್ನ ಎಣಿಕಿ ತಪ್ಪತದ."