ಕಪ್ಪೆಗಳಿಂದ ಕಲಿತ ಅಂಜಿಕೆ

ಮಡಿವಾಳೆಪ್ಪನವರು ಯಾರ ಕೈ ಹಿಡಿಯುವ ಮುನ್ನವೂ ತಮ್ಮ ಅಂಗೈಯನ್ನು ಒದ್ದೆ ಮಾಡಿಕೊಳ್ಳುತ್ತಿದ್ದರು. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರಿಗೆ ಅದು ಕಪ್ಪೆಗಳಿಂದ ಅಂಟಿದ ರೂಢಿ. ಒಣಗೈ ತಾಗಿದರೆ ಆ ಮೆತ್ತನೆಯ ಚರ್ಮ ನೊಂದೀತೆಂಬ ಅಂಜಿಕೆ ಬರಬರುತ್ತ ಮನುಷ್ಯರಿಗೂ ಹಬ್ಬಿ, ಅವರ ಕಂದು ಕೋಟಿನ ಕಿಸೆಯಲ್ಲಿ ಒಂದು ಹಸಿ ಕರವಸ್ತ್ರ ಕಾಯಂ ವಾಸವಾಗಿತ್ತು. ನೆಲ ನೋಡುತ್ತ, ಪ್ರತಿ ಹೆಜ್ಜೆಯನ್ನೂ ಅನುಮಾನಿಸುತ್ತ ನಡೆಯುವರು. ‘ಆರಾಮೇನ್ರಿ?’ ಎಂದು ಕೇಳಿದರೆ, ‘ಆರಾಮ ಅದೇನ್ರಿ, ಸದ್ಯಕ್ಕ’ ಎನ್ನುವರು. ಕನ್ನಡ ಕಲಿಸುತ್ತಿದ್ದ ನಾವು ಅವರಿಗೆ ‘ಸದ್ಯಕ್ಕ ಸರ್’ ಎಂದೇ ನಾಮಕರಣ ಮಾಡಿದ್ದೆವು.

ಕಿತ್ತೂರಿನ ಕೆರೆ, ಸವದತ್ತಿಯ ಬಾವಿಗಳಲ್ಲಿ ಕಪ್ಪೆ ಹಿಡಿದು, ಒಂದು ಹನಿ ರಕ್ತ ತೆಗೆದು, ಮತ್ತೆ ಅದೇ ನೀರಿಗೆ ಬಿಡುವುದು ಅವರ ಸಂಶೋಧನೆ. ಜೀವಕೋಶದ ಮೈಮೇಲಿನ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದರು. ಅದರ ರಚನೆಯನ್ನು ನನಗೆ ಹೊಲದ ಭಾಷೆಯಲ್ಲೇ ತಿಳಿಸಿದ್ದರು: ಎರಡು ಬದು, ನಡುವೆ ನೇಗಿಲು ಕೊರೆದಂಥ ಒಂದು ಸಾಲು, ಕೋಶ ತನ್ನೊಳಗಿನ ಚೂರುಗಳನ್ನು ಆ ಸಾಲಿನಲ್ಲಿಟ್ಟು ಹೊರಗೆ ತೋರಿಸುತ್ತದೆ, ರಕ್ತದ ಕಾವಲುಗಾರರು ಅದನ್ನು ನೋಡಿ ತಮ್ಮವರಾರು, ಪರಕೀಯರಾರೆಂದು ನಿರ್ಣಯಿಸುತ್ತಾರೆ. ಕೋಟ್ಯಂತರ ವರ್ಷ ಸರಿದರೂ ಕಪ್ಪೆಯಿಂದ ಮನುಷ್ಯನವರೆಗೆ ಬದುಗಳ ಆಕಾರ ಹೆಚ್ಚೇನೂ ಬದಲಾಗಿಲ್ಲ. ಸಾಲಿನ ಒಳಮೈ ಮಾತ್ರ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದು ಅಪರೂಪ. ಆ ವೈವಿಧ್ಯವೇ ಜೀವಕುಲದ ರಕ್ಷೆ.

‘ಎಲ್ಲಾ ಕಪ್ಪಿ ಒಂದ ನಮೂನಿ ಇದ್ವಂದ್ರ, ಒಂದ ರೋಗಕ್ಕ ಬಾವೀಗ ಬಾವೀನ ಖಾಲಿ ಆಗತೈತ್ರಿ’ ಎನ್ನುತ್ತ ಅವರು ಕರವಸ್ತ್ರಕ್ಕೆ ಕೈಹಾಕುವರು.

ಇದೇ ಕಾರಣಕ್ಕೆ ಅವರು ಒಳಸಂಬಂಧದ ಮದುವೆಗಳ ಕಡುವೈರಿ. ಅವರ ತಂದೆ ಸ್ವಂತ ಅಕ್ಕ ಬಾಯವ್ವನ ಮಗಳನ್ನೇ ಲಗ್ನವಾಗಿದ್ದರು. ಹೀಗಾಗಿ ಬಾಯವ್ವ ಇವರಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಹಟ ಹಿಡಿದು ಹೊರಗಿನ ಹೆಣ್ಣು ತಂದ ಮೊಮ್ಮಗನ ಮೇಲೆ ಆ ಮುದುಕಿಗೆ ತೀರದ ಮುನಿಸಿತ್ತು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಚಚಡಿ ಊರಿಗೆ ಕೊಟ್ಟಿದ್ದ ಅವರ ತಂಗಿ ಇಂದ್ರವ್ವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅವರ ತಾಯಿಯೂ ಹೀಗೆಯೇ ಮೈ ಬಾತು ತೀರಿಕೊಂಡಿದ್ದರು. ಅಣ್ಣ ತನ್ನದೊಂದನ್ನು ಕೊಡುವುದೆಂದಾಯಿತು. ಪರೀಕ್ಷೆಯ ಫಲಿತಾಂಶಕ್ಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ಬಾಯವ್ವನೂ ನಾನೂ ಜೊತೆಗೆ ಕುಳಿತಿದ್ದೆವು. ಕಪ್ಪೆಗಳಲ್ಲಿ ಹುಡುಕಿದ ಅದೇ ಬದು, ಅದೇ ಸಾಲು ಈಗ ಅಣ್ಣ-ತಂಗಿಯರಲ್ಲಿ ಹೊಂದಬೇಕಿತ್ತು. ‘ಕೂಡಲಿಲ್ಲಂದ್ರ ಅಕೀ ರಕ್ತಾನ ನನ್ನನ್ನ ವೈರಿ ಅಂತ ಕೊಲ್ಲತೈತ್ರಿ ಸರ’ ಎಂದು ಪಿಸುಗುಟ್ಟಿದರು.

ಪೂರ್ತಿ ಹೊಂದಿದೆ ಎಂದರು ಡಾಕ್ಟರು. ಬಾಯವ್ವ ಗೆದ್ದಳು. ‘ಬ್ಯಾರೆ ಮನಿತನದಾಕಿ ಹಡದಿದ್ರ ಇಷ್ಟ ಕೂಡತಿತ್ತೇನೋ? ನಮ್ಮ ಹಿರ್ಯಾರೇನು ಹುಚ್ಚರಲ್ಲ’ ಎಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಮಡಿವಾಳೆಪ್ಪನವರು ಮಾತ್ರ ಬಿಳಿಚಿಕೊಂಡು ಗೋಡೆಗೆ ಒರಗಿದರು.

‘ಇಷ್ಟ ಒಂದ ನಮೂನಿ ಅದೇವಿ ಅಂದ್ರ, ಅವ್ವನ್ನ ತಿಂದದ್ದು, ಇಕೀನ್ನ ತಿನ್ನಾಕತ್ತಿದ್ದು ನನ್ನೊಳಗೂ ಕುಂತಿರಬೇಕಲ್ರಿ. ಒಂದ ಕೊಟ್ಟಮ್ಯಾಲ ನನಗ ಉಳಿಯೂದೂ ಒಂದ.’

ಅವರ ಮೂತ್ರಪಿಂಡಗಳಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರು ಮತ್ತೆ ಪರೀಕ್ಷಿಸಿ ಹೇಳಿದರೂ ಆ ಭಯ ಇಳಿಯಲಿಲ್ಲ. ಶಸ್ತ್ರಚಿಕಿತ್ಸೆಯ ಬೆಳಗ್ಗೆ ಅವರ ಹಲ್ಲು ಕಟಕಟಿಸುವುದು ನನಗೇ ಕೇಳುತ್ತಿತ್ತು. ಪಕ್ಕದ ಮಂಚದಿಂದ ಇಂದ್ರವ್ವ, ‘ಅಣ್ಣಾ, ಇಷ್ಟ ಅಂಜಿಕಿ ಬಂದ್ರ ಬ್ಯಾಡ ಬಿಡೋ, ಮನಿಗೆ ಹೋಗೂಣು’ ಎಂದಳು.

‘ನನ್ನ ಅಂಜಿಕಿ ಹೋಗೂತನಾ ಕುಂತ್ರ ನೀ ಉಳಿಯೂದಿಲ್ಲ ತಂಗಿ’ ಎಂದರು. ನಡುಗುತ್ತಲೇ ಒಳಗೆ ಹೋದರು.

ಇಂದ್ರವ್ವ ಚಚಡಿಯಲ್ಲಿ ಮತ್ತೆ ರೊಟ್ಟಿ ಬಡಿಯುತ್ತಿದ್ದಾಳೆ. ಅಣ್ಣನೋ, ಇಷ್ಟು ವರ್ಷವಾದರೂ ದಿನಾ ಎದ್ದ ಕೂಡಲೇ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಬಾವು ಬಂದಿದೆಯೇ ಎಂದು ನೋಡಿಕೊಳ್ಳುತ್ತಾರೆ. ಅಂಜುಬುರುಕರೆಂದು ನಾವು ನಗುವವರಲ್ಲಿ ಇಂಥವರೂ ಇರುತ್ತಾರೆ. ಕೇಡಿನ ದಾರಿ ನಮಗಿಂತ ಚೆನ್ನಾಗಿ ಗೊತ್ತಿದ್ದೂ ಆ ದಾರಿಯಲ್ಲೇ ನಡೆಯುವವರು. ಧೈರ್ಯವಂತರು ಒಮ್ಮೆ ಕೊಟ್ಟು ಮರೆಯುತ್ತಾರೆ. ಇವರು ಕೊಟ್ಟದ್ದನ್ನೇ ದಿನ ಬೆಳಗಾದರೆ ಮತ್ತೆ ಕೊಡುತ್ತಿರುತ್ತಾರೆ.