ನಜಮೋದ್ದೀನರ ಮಂಜುಗಾಜು

ನಜಮೋದ್ದೀನರ ನಡಿಗೆ ನೋಡಿದವರು ಅವರ ಜೇಬಿನಲ್ಲಿ ಮೊಟ್ಟೆಗಳಿವೆಯೆಂದೇ ತಿಳಿಯುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಕರಿಯ ಕೋಟಿನ ಎರಡೂ ಜೇಬುಗಳ ಮೇಲೆ ಅಂಗೈ ಊರಿ, ಬೀದರಿನ ಚೌಬಾರಾ ವೃತ್ತದ ಜನಜಂಗುಳಿಯಲ್ಲಿ ಯಾರ ಭುಜವೂ ತಗುಲದಂತೆ ಓರೆಯಾಗಿ ಸರಿದುಹೋಗುವ ಆ ನಡಿಗೆಗೆ ಕಾರಣ, ಹೆಂಡತಿ ಮಹಮೂದಾ ಬೇಗಂ ಹಳೆಯ ದುಪಟ್ಟಾ ಹರಿದು ಹೊಲಿದುಕೊಟ್ಟ ಚೀಲಗಳಲ್ಲಿದ್ದ ದುಂಡನೆಯ ಗಾಜುಗಳು. ಕ್ಯಾಮೆರಾದ ಲೆನ್ಸಿನ ಮುಂದೆ ತಿರುಪಿ ಕೂಡಿಸುವ ಫಿಲ್ಟರುಗಳು. ಮದುವೆಯ ಫೋಟೊ ಅವರ ಕಸುಬು, ನಕ್ಷತ್ರದ ಫೋಟೊ ಅವರ ಹುಚ್ಚು. ಒಂದು ಗಾಜು ಪಟ್ಟಣದ ದೀಪಗಳ ಹಳದಿಯನ್ನು ಸೋಸಿ ಆಕಾಶಕ್ಕೆ ಅದರ ನೀಲಿಯನ್ನು ಮರಳಿಸುತ್ತಿತ್ತು. ಇನ್ನೊಂದು ಚುಕ್ಕೆಗಳಿಗೆ ಕಿರಣ ಮೂಡಿಸುತ್ತಿತ್ತು. ಅವರಿಗೆ ಪ್ರಾಣವಾಗಿದ್ದುದು ಮತ್ತೊಂದು, ಉಸಿರು ತಾಗಿದಂತೆ ಮಬ್ಬಾಗಿ, ದೊಡ್ಡ ಚುಕ್ಕೆಗಳನ್ನಷ್ಟೇ ಅರಳಿಸುವ ಮಂಜುಗಾಜು. ಅದನ್ನು ಮೋಸವೆಂದು ಕರೆದ ಭಾಲ್ಕಿಯ ಅಧ್ಯಾಪಕ ಶಿವರಾಜಪ್ಪನವರೊಂದಿಗೆ, ಒಂದೇ ಕಪ್ಪಿನ ಚಹಾ ಹಂಚಿಕೊಳ್ಳುತ್ತಲೇ, ವರ್ಷಗಟ್ಟಲೆ ವಾದಿಸಿದರು.

"ಕ್ಯಾಮೆರಾಕ್ಕ ಸಣ್ಣದು ದೊಡ್ಡದು ಅಂಬದು ಗೊತ್ತಿಲ್ರಿ ಮಾಸ್ತರ್. ಎಲ್ಲಾ ಚುಕ್ಕಿ ಒಂದೇ ಸಮ ಚೆಲ್ತದ. ಕಣ್ಣು ಹಂಗ ನೋಡ್ತದೇನ್ರಿ?"

ಮಳೆ ಕೈಕೊಟ್ಟು ಔರಾದ ತಾಲ್ಲೂಕಿನ ಊರುಗಳು ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಟ ಚಳಿಗಾಲದಲ್ಲಿ ಆಕಾಶ ಮಾತ್ರ ಹಿಂದೆಂದೂ ಕಾಣದಷ್ಟು ತಿಳಿಯಾಗಿತ್ತು. ನಜಮೋದ್ದೀನರು ವಾರವಾರ ಅದೇ ತಾಲ್ಲೂಕಿನ ಎಕಂಬಾ ಊರಿನ ಬಯಲಿಗೆ ಹೋದರು. ಒಂದು ಸಂಜೆ ಕತ್ತಲಾಗುತ್ತಲೇ ಅವರು ಕ್ಯಾಮೆರಾದ ಸ್ಟ್ಯಾಂಡ್ ಹೂಡುತ್ತಿದ್ದಾಗ, ಬೆಳಗಾದರೆ ಪುಣೆಗೆ ಹೊರಡಬೇಕಿದ್ದ ಕೌಸಲ್ಯಾಬಾಯಿ ಬಯಲಿನಂಚಿನ ತನ್ನ ಅಂಗಳದಿಂದ ನಡೆದು ಬಂದು, ದನಿ ಏರಿಸದೆ ಕೇಳಿದಳು:

"ನಾವು ಮ್ವಾಡ ಬರ್ಲಿ ಅಂತ ಮ್ಯಾಲ ನೋಡ್ತೇವ್ರಿ ಭಾಯಿ. ನೀವು ಬರಬಾರದು ಅಂತ ನೋಡ್ತೀರೇನ್ರಿ?"

ಮೋಡವಿಲ್ಲವೆಂದು ಹಿಗ್ಗುತ್ತಲೇ ನಜಮೋದ್ದೀನರು ಅಂದು ಬೀದರಿನಿಂದ ಹೊರಟಿದ್ದರು. ಲೆನ್ಸಿಗೆ ಮುಚ್ಚಳ ಹಾಕಿ ಸ್ಟ್ಯಾಂಡ್ ಮಡಚತೊಡಗಿದವರನ್ನು ಅವಳೇ ತಡೆದಳು; ಬಂದಿದ್ದೀರಿ, ಏನು ತೆಗೆಯುತ್ತೀರೋ ನನಗೂ ತೋರಿಸಿ ಎಂದಳು. ಬರಿಯ ಲೆನ್ಸಿನಲ್ಲಿ ತೆಗೆದ ಮೊದಲ ಚಿತ್ರದಲ್ಲಿ ಜೋಳ ಚೆಲ್ಲಿದಂತೆ ಚುಕ್ಕೆಗಳು. ಅವಳಿಗೆ ಒಂದೂ ಗುರುತು ಹತ್ತಲಿಲ್ಲ. ಮಂಜುಗಾಜು ಕೂಡಿಸಿದಾಗ ಸಣ್ಣವು ಹಿಂದೆ ಸರಿದು, ದೊಡ್ಡವು ತಮ್ಮ ತಮ್ಮ ಬಣ್ಣದೊಂದಿಗೆ ಅರಳಿ, ಅವಳ ಮನೆಯ ಮಾಳಿಗೆಯ ಮೇಲೆ ಮೃಗಶಿರೆಯ ಚುಕ್ಕೆಗಳು ಸಾಲಾಗಿ, ಪಕ್ಕದಲ್ಲಿ ಆರಿದ್ರಾ ಕೆಂಪಗೆ ನಿಂತವು.

ಕೌಸಲ್ಯಾಬಾಯಿ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಾಗಿದಳು. "ನಮ್ಮ ಮನಿ ಮ್ಯಾಲಿನ ಮಿರಗ," ಎಂದಳು. "ಇದು ನನಗ ಕೊಡ್ರಿ. ಅಲ್ಲಿ ದೀಪದ ಬೆಳಕಿನಾಗ ಚುಕ್ಕಿ ಕಾಣೂದಿಲ್ಲಂತ."

ನಜಮೋದ್ದೀನರು ಬೀದರಿಗೆ ಮರಳಿ, ಸ್ಟುಡಿಯೊದಲ್ಲಿ ಅಚ್ಚು ಹಾಕಿ, ಪುಣೆಯ ಬೆಳಗಿನ ಬಸ್ಸು ಔರಾದ ಬಿಡುವ ಮುನ್ನ ಅಲ್ಲಿಗೆ ಬಂದು ಅದನ್ನು ಕಿಟಕಿಯೊಳಗೆ ಕೊಟ್ಟರು. ಅವಳ ಗಂಡ ಗೋರಖನಾಥ ಗಂಟು ಬಿಚ್ಚಿ ಸೀರೆಗಳ ನಡುವೆ ಇಟ್ಟುಕೊಂಡ.

ಮುಂದಿನ ಜೂನಿನಲ್ಲಿ, ಮಿರಗದ ಮಳೆನಕ್ಷತ್ರಕ್ಕೆ, ಮಳೆ ಹಿಡಿಯಿತು. ಕೌಸಲ್ಯಾಬಾಯಿ ಬಿತ್ತನೆಗೆ ಊರಿಗೆ ಬಂದಳು. ಗೋರಖನಾಥ ಪುಣೆಯಲ್ಲೇ ಉಳಿದ. ಫೋಟೊ ಅವನು ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ, ಕೊಡಲೊಲ್ಲ ಎಂದು ಅವಳು ನಜಮೋದ್ದೀನರಿಗೆ ಹೇಳಿಕಳಿಸಿದಳು.

ತಮ್ಮ ಹುಚ್ಚಿನಲ್ಲಿ ಮುಳುಗಿದ ಇಂಥ ಜನ ನೆರೆಯವರ ದುಃಖವನ್ನು ಎಷ್ಟೋ ಸಲ ಕಾಣದೆ ಹೋಗುತ್ತಾರೆ. ಯಾರಾದರೂ ತಡೆದು ನಿಲ್ಲಿಸಿ ತೋರಿಸಿದರೆ, ಆ ಹುಚ್ಚಿನ ಫಲವನ್ನೇ ತಂದು ಕೈಗಿಡುತ್ತಾರೆ. ಕೊಡಲು ಅವರಲ್ಲಿ ಬೇರೇನೂ ಇರುವುದಿಲ್ಲ.