ನಾಲ್ಕನೇ ನಂಬರಿನ ತೆರೆ

"ಎಂತ ದನದ ಹಾಗೆ ನೋಡ್ತಿ? ಹಾಕಿಕೋ ಅಂದ್ರೆ ಹಾಕಿಕೊಳ್ಳಬೇಕು!"

ಸುಖೇಶ್ ಸೇಠ್ ಎಸೆದ ಕೆಂಪು ಟೀಶರ್ಟು ರುದ್ರವ್ವನ ಮುಖಕ್ಕೆ ಬಡಿದು ಕಸಬರಿಗೆಯ ಮೇಲೆ ಬಿತ್ತು. ಬೆನ್ನಿನ ಕಡೆ ದೊಡ್ಡ ಬಿಳಿ ಅಕ್ಷರ. ಅವಳಿಗೆ ಓದಲು ಬಾರದು. ಆದರೆ ಆ ಅಂಗಿ ಯಾತರದ್ದು ಎಂಬುದು ಗೊತ್ತಿತ್ತು. ಮುಳುಗುವವರನ್ನು ನೀರಿನಿಂದ ಎತ್ತಿ ತರುವವರ ಅಂಗಿ ಅದು. ಹೋದ ವಾರದವರೆಗೆ ಕಾಂತಪ್ಪಣ್ಣನ ಮೈಮೇಲಿತ್ತು.

"ಸೇಠ್ರ, ನಂಗ ಈಜ ಬರಂಗಿಲ್ರಿ."

"ನಿನ್ನನ್ನು ಯಾರು ಕೇಳಿದ್ದು? ನೀರಿಗೆ ಇಳಿ ಅಂತ ಯಾರಾದ್ರೂ ಹೇಳಿದ್ರಾ? ಮೇಲೆ ಹತ್ತಿ ಕೂತುಕೊಳ್ಳುವುದು, ಅಷ್ಟೆ. ಬೇವರ್ಸಿಗಳು! ಕುರ್ಚಿ ಕೊಟ್ಟರೂ ಕೂತುಕೊಳ್ಳಲಿಕ್ಕೆ ಬರುವುದಿಲ್ಲ ಇವಕ್ಕೆ."

ಅವಳು ಸೀರೆಯ ಮೇಲೆಯೇ ಅಂಗಿಯನ್ನು ತೊಟ್ಟಳು. ಒಳಗಿನಿಂದ ಕಾಂತಪ್ಪಣ್ಣನ ಕೊಬ್ಬರಿ ಎಣ್ಣೆಯ ವಾಸನೆ ಬಂತು.

ಹುಲ್ಲಿನ ಕೊಡೆಯ ಕೆಳಗೆ ತಪಾಸಣೆಗೆ ಬಂದ ಸಾಹೇಬ ಕೂತಿದ್ದ. ಮುಂದೆ ಕರಿದ ಅಂಜಲ್ ಮೀನಿನ ತಟ್ಟೆ. ಲೈಸೆನ್ಸಿನ ಕಾಗದದಲ್ಲಿ 'ಹೆಂಗಸರಿಗೆ ಹೆಂಗಸರೇ ಕಾವಲಿರಬೇಕು' ಎಂಬ ನಿಯಮ ಒಂದು ಉಳಿದಿತ್ತಂತೆ, ಅದಕ್ಕೇ ಈ ಅಂಗಿ. ಅವನು ಮೀನಿನ ಮುಳ್ಳು ಉಗುಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಪೋಹತಾ ಯೇತಂ ಕಾ, ಬಾಯಿ?" ಈಜು ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದ.

ಸೇಠ್ ಅವಳ ಕಡೆ ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ. ಕ್ಯಾಂಪಿನ ಹಿಂದುಗಡೆ ಅವರಿರುವ ತಗಡಿನ ಶೆಡ್ಡು ಸೇಠರದ್ದು. ಮೋಟಾರು ಕೋಣೆಯಲ್ಲಿ ಗಂಡ ಅಮರ ಮಾಡುವ ಕೆಲಸ ಸೇಠರದ್ದು. ಮಗಳು ಇಂದೂ ತಳೇಗಾಂವದ ಶಾಲೆಗೆ ಹೋಗುವ ವ್ಯಾನು ನಿಲ್ಲುವುದೂ ಸೇಠರ ಗೇಟಿನ ಮುಂದೆ. ರುದ್ರವ್ವ ತಲೆ ಅಲ್ಲಾಡಿಸಿದಳು, ಹೌದೆಂಬಂತೆ.

ಸಾಹೇಬ ನಕ್ಕ, ಕೈ ಒರೆಸಿಕೊಂಡು ರುಜು ಹಾಕಿದ.

*

ತಳೇಗಾಂವ ದಾಭಾಡೆಯ ಕಾರ್ಖಾನೆಗಳು ಮುಗಿದು ಗುಡ್ಡ ಶುರುವಾಗುವ ಕಡೆ ಸೇಠ್ ಒಂದು ಕಡಲನ್ನು ಕಟ್ಟಿಸಿ, ಅದಕ್ಕೆ ಸರ್ಫಿಂಗ್ ಕ್ಯಾಂಪ್ ಎಂದು ಬೋರ್ಡು ಹಾಕಿಸಿದ್ದ. ಕರಾವಳಿಯಿಂದ ಬಂದು ಪುಣೆಯಲ್ಲಿ ಎರಡು ಹೋಟೆಲು ನಡೆಸಿ ಕೈ ಕುದುರಿದ ಮೇಲೆ ಬಂದ ಹುಕಿ. ಲಾರಿಯಲ್ಲಿ ಮರಳು ಬಂತು. ಕ್ರೇನಿನಲ್ಲಿ ತೆಂಗಿನ ಮರಗಳು ಬಂದವು. ಬೇರು ಹಿಡಿಯದ ಆ ಮರಗಳನ್ನು ತಲಾ ಮೂರು ಬಿದಿರು ಕಟ್ಟಿ ನಿಲ್ಲಿಸಿದ್ದರು. ಸಿಮೆಂಟಿನ ದೊಡ್ಡ ಕೊಳದ ಆಚೆ ತುದಿಯಲ್ಲಿ ಮೋಟಾರು. ಅದು ನೀರನ್ನು ದಬ್ಬಿದರೆ ತೆರೆ ಏಳುತ್ತಿತ್ತು. ಒಂದನೇ ನಂಬರು ಮಕ್ಕಳಿಗೆ. ಎರಡು, ಮೂರು ಹಲಗೆಯ ಮೇಲೆ ನಿಂತು ಜಾರುವುದನ್ನು ಕಲಿಯುವವರಿಗೆ. ನಾಲ್ಕನೆಯದು ಆಳಿಗಿಂತ ಎತ್ತರ ಎದ್ದು ಬರುತ್ತಿತ್ತು. ಅದನ್ನು ಹಾಕುವಾಗ ಕೊಳದಲ್ಲಿ ಮಕ್ಕಳಿರಬಾರದೆಂದು ಕಾಂತಪ್ಪಣ್ಣ ಹಟ ಹಿಡಿಯುತ್ತಿದ್ದ.

ಉಳ್ಳಾಲದ ಕಡಲಂಚಿನಲ್ಲಿ ಬೆಳೆದ ಕಾಂತಪ್ಪ ಕ್ಯಾಂಪಿನ ಕೆಲಸದವರಲ್ಲಿ ಈಜು ಬಲ್ಲ ಒಬ್ಬನೇ ಮನುಷ್ಯ. ಬಂದವರಿಗೆ ಹಲಗೆ ಕಲಿಸುವವನೂ ಅವನೇ, ಕಾಯುವವನೂ ಅವನೇ.

ರುದ್ರವ್ವನಿಗೆ ನೀರೆಂದರೆ ಮೈ ಹಿಮವಾಗುತ್ತಿತ್ತು. ಜೇವರ್ಗಿ ಕಡೆಯ ಅವಳ ಊರಿನಲ್ಲಿ ಮೆಟ್ಟಿಲ ಬಾವಿಯೊಂದಿತ್ತು. ಅವರ ಕೇರಿಯವರು ಕೊಡ ಇಟ್ಟು ದೂರ ನಿಲ್ಲಬೇಕು. ಯಾರಿಗಾದರೂ ಮನಸ್ಸು ಬಂದರೆ ಸುರಿಯುತ್ತಿದ್ದರು. ಅವಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ಮಧ್ಯಾಹ್ನ ಅವಳ ಅಣ್ಣ ತಮ್ಮಯ್ಯ ಬಿಸಿಲು ತಾಳದೆ ಅದರೊಳಗೆ ಹಾರಿದ್ದ. ಊರವರು ಅವನನ್ನು ಎಳೆದು ಹಾಕಿ ಬಡಿದರು. ಆಮೇಲೆ ಮೋಟಾರು ಹಚ್ಚಿ ಮೂರು ದಿನ ಬಾವಿಯ ನೀರನ್ನೆಲ್ಲ ಹೊರಗೆ ಚೆಲ್ಲಿದರು. ಅಪ್ಪ ಆ ಮೂರು ದಿನವೂ ದಂಡೆಯ ಮೇಲೆ ಕೈ ಮುಗಿದು ನಿಂತಿದ್ದ. ಆವತ್ತಿನಿಂದ ಕೇರಿಯ ಯಾವ ಕೂಸೂ ಮೊಣಕಾಲಿಗಿಂತ ಮೇಲಿನ ನೀರು ಕಂಡಿಲ್ಲ.

ಇದನ್ನು ಒಮ್ಮೆ ಕಾಂತಪ್ಪಣ್ಣನ ಮುಂದೆ ಹೇಳಿದ್ದಳು. ಅವನು, "ಬಾ ತಂಗಿ, ನಾಲ್ಕು ದಿನದಲ್ಲಿ ತೇಲಲಿಕ್ಕೆ ಕಲಿಸ್ತೇನೆ. ಹೊಟ್ಟೆಯಲ್ಲಿ ಗಾಳಿ ಉಂಟಲ್ಲ, ಅದೇ ಎತ್ತಿ ಹಿಡಿಯುತ್ತದೆ" ಎಂದಿದ್ದ.

ಗಿರಾಕಿಗಳು ಹೋದ ಒಂದು ಸಂಜೆ ಅವಳು ಸೊಂಟದವರೆಗೆ ಇಳಿದಳು. ಅವನ ಅಂಗೈ ಬೆನ್ನ ಕೆಳಗಿತ್ತು. ಒಂದು ಗಳಿಗೆ ಕಾಲು ನೆಲ ಬಿಟ್ಟಿತು. ಕಿವಿಯೊಳಗೆಲ್ಲ ನೀರು, ಮೇಲೆ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟೇ, ಒಂದೇ ಗಳಿಗೆ.

ಮರುದಿನ ಸೇಠ್ ಕ್ಯಾಮೆರಾದಲ್ಲಿ ಅದನ್ನು ನೋಡಿದ. ಎಲ್ಲರನ್ನೂ ಕೊಳದ ದಂಡೆಗೆ ಕರೆಸಿದ.

"ಬೋರ್ಡಿನಲ್ಲಿ ಎಂತ ಬರೆದದ್ದು? ಕೆಲಸದವರು ನೀರಿಗೆ ಇಳಿಯಬಾರದು ಅಂತ. ಜನ ಇದರಲ್ಲಿ ಬಾಯಿ ಹಾಕ್ತಾರೆ. ಕಕ್ಕಸು ತೊಳೆದ ಮೈ ತಂದು ಅದ್ದಿದ್ದಾಳೆ ಇವಳು, ಥೂ!"

ಬ್ಲೀಚಿಂಗ್ ಪುಡಿಯ ಚೀಲವನ್ನು ಅವಳ ಕಾಲ ಬುಡಕ್ಕೆ ಒದ್ದ. "ನೀನೇ ಹಾಕು. ಪೂರ್ತಿ ಚೀಲ. ಎಲ್ಲರೂ ನೋಡ್ಲಿ."

ಅವಳು ಬೊಗಸೆ ಬೊಗಸೆಯಾಗಿ ಚೆಲ್ಲಿದಳು. ಕಣ್ಣು ಉರಿದು ನೀರು ಸುರಿಯಿತು. ಅಮರ ಗುಂಪಿನ ಹಿಂದಕ್ಕೆ ಸರಿದು ನಿಂತ. ಕಾಂತಪ್ಪನೊಬ್ಬನೇ ಬಾಯಿ ಬಿಟ್ಟ.

"ಸುಖೇಶಣ್ಣ, ನಮ್ಮ ಕಡಲಿನಲ್ಲಿ ಊರಿನ ಕೊಳೆಯೆಲ್ಲ ಬಂದು ಬೀಳ್ತದೆ. ನೀವೂ ಅದರಲ್ಲೇ ಮುಳುಗಿ ಎದ್ದು ದೊಡ್ಡವರಾದದ್ದು."

ಅಷ್ಟಕ್ಕೆ ಅವನ ಚೀಲ ಗೇಟಿನ ಹೊರಗೆ ಬಿತ್ತು. ಹೋಗುವ ಮುಂಚೆ ಅವನು ಕೊರಳಿನ ಸೀಟಿ ಬಿಚ್ಚಿ ಅವಳ ಕೈಗಿಟ್ಟ.

"ಇಟ್ಟುಕೋ. ನಾಳೆ ನಿನ್ನನ್ನೇ ಕೂರಿಸುತ್ತಾನೆ, ನೋಡು. ತೆರೆಯನ್ನು ನೋಡಬೇಡ. ತೆರೆ ಹೋದ ಮೇಲೆ ತಲೆ ಎಷ್ಟು ಉಂಟು ಅಂತ ಎಣಿಸು. ಮುಳುಗುವವರು ಕೂಗುವುದಿಲ್ಲ, ತಂಗಿ. ಏಣಿ ಹತ್ತುವ ಹಾಗೆ ಕೈ ಆಡಿಸುತ್ತಾರೆ, ಸುಮ್ಮನೆ ಹೋಗಿಬಿಡುತ್ತಾರೆ. ನೀನು ಮಾತ್ರ ಹಾರಬೇಡ. ಉದ್ದದ್ದು ಏನಾದರೂ ಚಾಚು."

*

ಸಾಹೇಬ ರುಜು ಹಾಕಿ ಹೋದ ಮೇಲಿನ ಭಾನುವಾರ ಯಾವುದೋ ಕಂಪನಿಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎರಡು ಬಸ್ಸಿನಲ್ಲಿ ಬಂದರು. ರುದ್ರವ್ವ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಕೂತಳು ಎನ್ನುವುದಕ್ಕಿಂತ, ಎರಡೂ ಕೈಯಿಂದ ಕುರ್ಚಿಯ ಕಬ್ಬಿಣವನ್ನು ಹಿಡಿದಿದ್ದಳು. ಬೆಳಗಿನಿಂದ ಒಂದು ತುತ್ತು ಇಳಿದಿರಲಿಲ್ಲ. ಕೆಳಗೆ ನೀರಿನ ತುಂಬ ತಲೆಗಳು. ನಲವತ್ತರವರೆಗೆ ಎಣಿಸುವುದು, ತಪ್ಪುವುದು, ಮತ್ತೆ ಒಂದರಿಂದ. ಹಾಡಿನ ಸಪ್ಪಳಕ್ಕೆ ಕುರ್ಚಿಯ ಕಾಲು ನಡುಗುತ್ತಿತ್ತು.

"ಓ ಮಾವಶಿ, ಹಾಯ್!" ಎಂದು ಚಿಕ್ಕಮ್ಮನನ್ನು ಕರೆದಂತೆ ಮರಾಠಿಯಲ್ಲಿ ಕೂಗಿ ಕೈ ಬೀಸಿದಳು ಹಳದಿ ಟೋಪಿಯ ಹುಡುಗಿಯೊಬ್ಬಳು. ಇಂದೂವಿನಷ್ಟೇ ಎತ್ತರ, ಮುಂದಿನ ಒಂದು ಹಲ್ಲು ಬಿದ್ದಿತ್ತು. ರುದ್ರವ್ವ ಕೈ ಎತ್ತಲು ಹೋದಳು, ಕಬ್ಬಿಣ ಬಿಡಲು ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಮೈಕಿನವನು ಕೂಗಿದ. ನಾಲ್ಕನೇ ನಂಬರು ಬೇಕಾ? ಎಲ್ಲರೂ ಹೋ ಎಂದರು. ಸೇಠ್ ದಂಡೆಯ ಮೇಲಿಂದ ಮೋಟಾರು ಕೋಣೆಯ ಕಡೆ ನಾಲ್ಕು ಬೆರಳು ತೋರಿಸಿದ.

"ಸೇಠ್ರ, ಹುಡುಗ್ರು ಅದಾವ್ರಿ ನೀರಾಗ! ಸೇಠ್ರ!"

ಅವಳ ದನಿ ಹಾಡಿನೊಳಗೆ ಸತ್ತಿತು. ಗೋಡೆಯ ಹಾಗೆ ಎದ್ದು ಬಂತು ತೆರೆ. ಕಿರುಚಿದರು, ನಕ್ಕರು, ಉರುಳಿದರು. ತೆರೆ ದಾಟಿತು. ರುದ್ರವ್ವ ತೆರೆಯನ್ನು ನೋಡಲಿಲ್ಲ. ತಲೆ ಎಣಿಸಲು ನೋಡಿದಳು, ಎಣಿಕೆಯೆಲ್ಲ ಕಲಸಿಹೋಯಿತು. ಕಂಡದ್ದು ಒಂದೇ: ಹಳದಿ ಟೋಪಿ ಬರಿದೇ ತೇಲುತ್ತಿತ್ತು. ಅದರಿಂದ ಆರು ಮಾರು ಆಚೆ ಎರಡು ಪುಟ್ಟ ಕೈಗಳು ಏಣಿ ಹತ್ತುತ್ತಿದ್ದವು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ.

ಸೀಟಿ ಊದಿದಳು. ಯಾರೂ ತಿರುಗಲಿಲ್ಲ. ಕುರ್ಚಿಯಿಂದ ಹೇಗೆ ಇಳಿದಳೋ, ಬಿದ್ದಳೋ, ಮೊಣಕೈ ಕಿತ್ತು ರಕ್ತ ಬಂತು. ನೀರಿನ ಅಂಚಿಗೆ ಬಂದಾಗ ಕಾಲು ಕಲ್ಲಾಯಿತು. ಒಂದು ಹೆಜ್ಜೆ ಮುಂದೆ ಬರಲೊಲ್ಲದು. ಯವ್ವಾ, ಯವ್ವಾ ಎಂದು ತುಟಿ ತಾನೇ ಬಡಿದುಕೊಳ್ಳುತ್ತಿತ್ತು. ಉದ್ದದ್ದು ಏನಾದರೂ. ಕೈಗೆ ಸಿಕ್ಕಿದ್ದು ತೆಂಗಿನ ಮರದ ಬಿದಿರು. ಹಗ್ಗ ಹರಿದು ಎಳೆದಳು. ಹಿಂದೆ ಮರ ಓಲಾಡಿ ಹುಲ್ಲಿನ ಕೊಡೆಗಳ ಮೇಲೆ ದಡಾರನೆ ಉರುಳಿತು. ಜನ ತಿರುಗಿದ್ದು ಆಗ.

ಬಿದಿರಿನ ತುದಿ ಆ ಕೈಗಳಿಗೆ ಒಮ್ಮೆ ತಪ್ಪಿತು. ಇನ್ನೊಮ್ಮೆ ಕೈಗಳು ಹಿಡಿದವು, ಅವಳು ದಂಡೆಗೆ ಎಳೆದಳು.

ಹುಡುಗಿ ಮರಳಿನ ಮೇಲೆ ನೀರು ಕಾರಿ, ಕೆಮ್ಮಿ, ಅತ್ತಳು. ತಾಯಿ ಬಾಚಿ ತಬ್ಬಿಕೊಂಡಳು. ಅಪ್ಪ ಅನ್ನಿಸಿಕೊಂಡವನು ಓಡಿ ಬಂದವನೇ ರುದ್ರವ್ವನ ಕಪಾಳಕ್ಕೆ ಬಾರಿಸಿದ. ಲೈಫ್‌ಗಾರ್ಡ್ ನೀನು, ನೀರಿಗೆ ಯಾಕೆ ಹಾರಲಿಲ್ಲ ಎಂದು ಮರಾಠಿಯಲ್ಲಿ ಅರಚಿದ. ಸುತ್ತ ಕೂಡಿದವರು ಹೌದು ಹೌದು ಎಂದರು.

ಸೇಠ್ ಎರಡೂ ಕೈ ಜೋಡಿಸಿ ಅವನನ್ನು ಸಮಾಧಾನ ಮಾಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, ಉಳಿದವರಿಗೆ ತಿಳಿಯದ ಕನ್ನಡದಲ್ಲಿ, ಮುಖದ ನಗು ಆರಗೊಡದೆ ಹೇಳಿದ.

"ನಗು. ನಗುತ್ತಾ ಹೋಗಿ ಮೇಲೆ ಕೂತ್ಕೋ. ಬಸ್ಸು ಹೋದ ಮೇಲೆ ನಿನ್ನ ಶೆಡ್ಡು ಖಾಲಿ, ರಂಡೆ. ಬೀಳಿಸಿದ ಮರದ ಲೆಕ್ಕಕ್ಕೆ ನಿನ್ನ ಗಂಡನ ಚರ್ಮ ಸುಲಿತೇನೆ."

ಮೈಕಿನವನ ಕಡೆ ತಿರುಗಿದ. "ಹಾಡು ಹಾಕು. ಹತ್ತು ನಿಮಿಷ ಬಿಟ್ಟು ಇನ್ನೊಂದು ನಾಲ್ಕನೇದು. ಜನರ ಮೂಡು ಹೋಗಬಾರದು."

ಹಾಡು ಶುರುವಾಯಿತು. ಆಗಲೇ ಹತ್ತಾರು ಮಂದಿ ನೀರಿಗೆ ಇಳಿದಿದ್ದರು. ಹಳದಿ ಟೋಪಿ ಇನ್ನೂ ಅವರ ನಡುವೆ ತೇಲುತ್ತಿತ್ತು.

ರುದ್ರವ್ವ ಕುರ್ಚಿಯವರೆಗೆ ಹೋದಳು. ಅಂಗಿ ತೆಗೆದು ಅದರ ಕಬ್ಬಿಣಕ್ಕೆ ಸಿಕ್ಕಿಸಿದಳು. ಮೈಕಿನವನ ಕೈಯಿಂದ ಮೈಕು ಕಿತ್ತುಕೊಂಡಾಗ ಅವಳ ಉಸಿರು ಕೊಳದ ತುಂಬ ಬುಸುಗುಟ್ಟಿತು. ಬರುವ ಮರಾಠಿ ಅಷ್ಟಿಷ್ಟೇ.

"ಮಲಾ ಪೋಹತಾ ಯೇತ ನಾಹಿ." ನನಗೆ ಈಜು ಬರುವುದಿಲ್ಲ. "ಇಥೆ ಕೋಣಾಲಾಚ ಯೇತ ನಾಹಿ." ಇಲ್ಲಿ ಯಾರಿಗೂ ಬರುವುದಿಲ್ಲ.

ಕೆಲವರು ನಕ್ಕರು. ಒಬ್ಬ ಮೊಬೈಲು ಎತ್ತಿ ಹಿಡಿದ. ಒಂದಿಬ್ಬರು ತಾಯಂದಿರು ಮಕ್ಕಳ ರಟ್ಟೆ ಹಿಡಿದು ಮೇಲೆ ಬಂದರು. ಉಳಿದವರು ತೆರೆ ಯಾವಾಗ ಎಂದು ಕೂಗಿದರು. ಸೇಠ್ ಗುಂಪನ್ನು ಸೀಳಿಕೊಂಡು ಬರುವುದು ಕಂಡಿತು. ಮೈಕು ಎಸೆದು ಓಡಿದಳು.

*

ಮೋಟಾರು ಕೋಣೆಗೆ ನುಗ್ಗಿ ಚಿಲಕ ಹಾಕಿದಳು. ಅಮರ ಬೆಚ್ಚಿ ಎದ್ದು ನಿಂತ.

"ಏನಾತ? ಕೆನ್ನಿ ಯಾಕ ಹಂಗ ಆಗ್ಯದ?"

"ಮೋಟಾರ್ ಬಂದ್ ಮಾಡು. ನೀರ ಹೊರಗ ಬಿಡೂ ವಾಲ ಯಾವ್ದು?"

"ತಲಿ ಕೆಟ್ಟದೇನ ನಿಂದು! ಅದನ್ನ ತಿರುವಿದ್ರ ಪೂರಾ ಕೊಳ ಖಾಲಿ ಆಗ್ತದ. ಕೊಂದ ಹಾಕ್ತಾನ ಅಂವ. ಇಂದೂನ ಸಾಲಿ ಏನ್ ಮಾಡ್ತಿ? ಎಲ್ಲಿ ಮಲಗ್ತಿ ಇವತ್ತ?"

"ಗೊತ್ತಿಲ್ಲ."

"ಹೆದರಿಕಿ ಬರಂಗಿಲ್ಲೇನ ನಿಂಗ?"

"ಉಚ್ಚಿ ಹೊಯ್ಕೊಂಡೀನಿ, ನೋಡಲ್ಲಿ!" ಎಂದಳು ಅವಳು. ಸೀರೆಯ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಮೂರ್ ದಿನ ಮೋಟಾರ್ ಹಚ್ಚಿದ್ರು ಅವ್ರು, ನಮ್ಮ ತಮ್ಮಯ್ಯಣ್ಣ ಒಂದ ಸಲ ಮುಳುಗಿದ್ದಕ್ಕ. ಇದಕ್ಕ ಎಷ್ಟ್ ಹೊತ್ತ ಬೇಕು?"

ಅಮರ ಅವಳ ಕಾಲಿನ ಕಡೆ ನೋಡಿದ. "ಪೂರಾ ಅಂದ್ರ ನಾಲ್ಕ್ ತಾಸ," ಎಂದ. "ಎದಿಮಟ್ಟ ಇಳೀಲಿಕ್ಕ ಒಂದ ತಾಸ."

ಬಾಗಿಲು ಧಡ್ ಎಂದಿತು. "ತೆಗೀರಿ, ಸೂಳೆಮಕ್ಕಳೇ! ಪೊಲೀಸರಿಗೆ ಫೋನ್ ಹೋಗಿದೆ!"

ಅಮರ ಮೋಟಾರು ನಿಲ್ಲಿಸಿದ. ವಾಲಿನ ಚಕ್ರ ತುಕ್ಕು ಹಿಡಿದಿತ್ತು. ಇಬ್ಬರೂ ಜೋತು ಬಿದ್ದರು. ನಾಲ್ಕು ಅಂಗೈಯ ಚರ್ಮ ಸುಲಿದ ಮೇಲೆ ಕಿರ್ರನೆ ತಿರುಗಿತು. ಕಾಲ ಕೆಳಗಿನ ಕೊಳವೆಯಲ್ಲಿ ನೀರು ಗುಡುಗಿ ಹರಿಯತೊಡಗಿತು. ಗೋಡೆಯ ಜಾಲರಿಗೆ ಅಮರ ಕಣ್ಣು ಹಚ್ಚಿದ.

"ಸುಳಿ ತಿರಗಾಕತ್ತದ. ಜನ ಹೆದರ್ಯಾರ. ಮ್ಯಾಲ ಏರಾಕತ್ಯಾರ."

ಹೊರಗೆ ಈಗ ಕಬ್ಬಿಣದ ಸಲಾಕೆ. ಒಂದೊಂದು ಏಟಿಗೂ ಚಿಲಕ ಒಳಕ್ಕೆ ಬಾಗುತ್ತಿತ್ತು. ಅದಕ್ಕಿದ್ದದ್ದು ನಾಲ್ಕು ಸ್ಕ್ರೂ. ಒಂದು ಸಿಡಿದು ಅವಳ ಕಾಲ ಬಳಿ ಬಿತ್ತು. ರುದ್ರವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ತಲಿ ಎಣಸು," ಎಂದಳು. "ನೀರಾಗ ಎಷ್ಟ ತಲಿ ಅದಾವ?"

"ಹತ್ತ. ಇಲ್ಲ, ಎಂಟು."

ಎರಡನೇ ಸ್ಕ್ರೂ ಬಿತ್ತು. ಏಟು ಬೆನ್ನುಮೂಳೆಗೇ ತಗುಲುತ್ತಿತ್ತು. ಅವಳು ಕಾಂತಪ್ಪಣ್ಣನ ಸೀಟಿ ಬಾಯಲ್ಲಿ ಇಟ್ಟುಕೊಂಡಳು. ಊದಲು ಉಸಿರೇ ಇರಲಿಲ್ಲ, ಕಚ್ಚಿ ಹಿಡಿದಳು.

"ಐದು," ಎಂದ ಅಮರ. "ದಂಡಿ ಹತ್ತಾಕ ಹೋಗಿ ಜಾರಾಕತ್ಯಾರ ಅವ್ರು. ಐದ ಅದಾವ ಇನ್ನಾ."

ಮೂರನೆಯದು ಬಿತ್ತು.